ಕತ್ತಿಯ ಕೊರಳು

ಕತ್ತಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೂತ ಮಾಹೀರಾಳನ್ನು ನೋಡಿ ಕಂಡಕ್ಟರ್ ನಕ್ಕ. ಸವಣೂರಿನಿಂದ ಹತ್ತಿಮತ್ತೂರಿಗೆ ಹೊರಟ ಬೆಳಗಿನ ಬಸ್ಸು. ಹಿಂದಿನ ಸೀಟುಗಳ ತುಂಬ ವೀಳ್ಯದೆಲೆಯ ಬುಟ್ಟಿಗಳು, ಒದ್ದೆ ಗೋಣಿಯ ವಾಸನೆ. "ಏನವಾ, ಕೂಸು ಇನ್ನೂ ಎದ್ದಿಲ್ಲೇನು? ನಿನಗೇನೋ ಫ್ರೀ. ಕೂಸು ಗಂಡೋ ಹೆಣ್ಣೋ ಹೇಳು, ಗಂಡಾದ್ರ ಟಿಕೀಟ ಹರೀಬೇಕಾಗ್ತೈತಿ." ಎಲೆ ಬುಟ್ಟಿಯ ಹೆಂಗಸರು ಹೋ ಎಂದು ನಕ್ಕರು. "ಇಷ್ಟುದ್ದದ ಕೂಸು ಯಾರ ಹಡದಾರೋ ಯಪ್ಪಾ, ನಿಂದೊಂದು ಮಾತು," ಎಂದಳೊಬ್ಬಳು. ಮಾಹೀರಾಳ ಪಕ್ಕದಲ್ಲಿ ಕೂತಿದ್ದ ಅವಳ ಅಬ್ಬಾ ನಯೀಮನೂ ನಕ್ಕ. ಆದರೆ ಒಂದು ಗಳಿಗೆ ತಡವಾಗಿ, ಎಲ್ಲರ ಹಲ್ಲು ಕಂಡ ಮೇಲೆ. ಆ ತಡ ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಮಾಹೀರಾಳಿಗೆ ಮಾತ್ರ ಅದು ಪ್ರತಿ ಸಲವೂ ಕಾಣುತ್ತಿತ್ತು. ಕಂಡಕ್ಟರನಿಗೆ ಏನಾದರೂ ತಿರುಗಿ ಹೇಳಬೇಕೆಂದು ಬಾಯಿ ತೆರೆದಳು, ಮಾತು ನಾಲಿಗೆಗೆ ಬರುವುದರೊಳಗೆ ಅವನು ಮುಂದಿನ ಸೀಟಿಗೆ ಹೋಗಿದ್ದ. ಯಾವಾಗಲೂ ಹೀಗೇ. ಅವಳ ಮಾತುಗಳೆಲ್ಲ ಜನ ಎದ್ದು ಹೋದ ಮೇಲೆ ಬರುತ್ತಿದ್ದವು, ಖಾಲಿ ಕುರ್ಚಿಗಳಿಗೆ ನಮಸ್ಕಾರ ಹೇಳುವವರ ಹಾಗೆ.

ಕೌದಿಯೊಳಗೆ ಅವಳ ಬೆರಳು ತಾನಾಗಿ ಕತ್ತಿಯ ಕೊರಳನ್ನು ಹುಡುಕಿಕೊಂಡು ಹೋಯಿತು. ಹಿಡಿಕೆ ಮುಗಿದು ಅಲಗು ಶುರುವಾಗುವ ಜಾಗಕ್ಕೆ ಅವರ ಕಸುಬಿನಲ್ಲಿ ಕೊರಳು ಅನ್ನುತ್ತಾರೆ. ಬೀಸಿದ ಏಟಿನ ಭಾರವೆಲ್ಲ ಬಂದು ಕೂಡುವುದು ಅಲ್ಲಿ. ಅಲ್ಲಿ ಬೆಳ್ಳಿಯ ಎಲೆಬಳ್ಳಿ ಹಬ್ಬಿತ್ತು, ಸವಣೂರಿನ ತೋಟದ ವೀಳ್ಯದೆಲೆಯೇ, ನರನರವೂ ಎಣಿಸಬಹುದಾದ ಹಾಗೆ. ಕೊನೆಯ ಎಲೆಯಿಂದ ಒಂದು ಕುಡಿ ತಪ್ಪಿಸಿಕೊಂಡು ಹೊರಟು, ಬೆತ್ತಲೆ ಉಕ್ಕಿನ ಮೇಲೆ ಒಂಟಿಯಾಗಿ ಹರಿದು, ಅಲಗಿನ ಅಂಚಿನ ಹತ್ತಿರ ಎಲೆಯೂ ಇಲ್ಲದೆ ಮೊಗ್ಗೂ ಇಲ್ಲದೆ ನಿಂತುಬಿಟ್ಟಿತ್ತು. ಅದನ್ನು ನೋಡಿದವರೆಲ್ಲ ಆ ಕುಡಿಯನ್ನೇ ಹೊಗಳಿದ್ದರು. ವೀರಭದ್ರನ ಮುಂದೆ ಕತ್ತಿ ಹಿಡಿದು ಕುಣಿಯಲಿರುವ ಪುರವಂತ ಚನ್ನೇಶ ಅಂಗಡಿಗೆ ಬಂದಾಗ ಅದರ ಮೇಲೆ ಹೆಬ್ಬೆರಳು ಆಡಿಸಿ, "ಜೀವ ಐತಿ ನೋಡ ಇದರಾಗ, ಹರಿದಾಡಿದಂಗ ಅನಸ್ತೈತಿ," ಅಂದಿದ್ದ. ಅಬ್ಬಾ ಕೂಡ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದ: "ಇದು ನಿನಗ ಎಲ್ಲಿಂದ ಹೊಳೀತವಾ?" ಆ ಕುಡಿಯ ಕೆಳಗೆ ಬಿರುಕಿತ್ತು. ಕುಡಿ ಹರಿದಷ್ಟು ಉದ್ದಕ್ಕೂ ಇತ್ತು. ಅವಳು ಬಳ್ಳಿಯನ್ನು ಬಿಡಿಸಿರಲಿಲ್ಲ, ಬಿರುಕು ಹೋದ ದಾರಿಯಲ್ಲಿ ಬೆಳ್ಳಿಯನ್ನು ಅದರ ಹಿಂದೆ ಕಳಿಸಿದ್ದಳು, ಅಷ್ಟೆ.

ಬೆಂಕಿಯ ಕೆಲಸ ಅಬ್ಬಾನದು, ಬೆಳ್ಳಿಯ ಕೆಲಸ ಅವಳದು. ಬಿ.ಎ. ಮುಗಿಸಿ ಮನೆಯಲ್ಲಿ ಕೂತ ಮೇಲೆ ಅವಳಿಗೆ ಒಲಿದಿದ್ದು ಅದೊಂದೇ. ಉಳಿಯಿಂದ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಅಡ್ಡ ಉದ್ದ ಎಳೆಯುವುದು, ಅದರ ಮೇಲೆ ಬೆಳ್ಳಿಯ ತಂತಿ ಇಟ್ಟು ಬಡಿಯುವುದು. ಗೀರುಗಳು ಹಲ್ಲಿನ ಹಾಗೆ ಬೆಳ್ಳಿಯನ್ನು ಕಚ್ಚಿ ಹಿಡಿಯುತ್ತವೆ. ಮಾತಾಡಬೇಕಿಲ್ಲ. ಯಾರ ಮುಖವನ್ನೂ ನೋಡಬೇಕಿಲ್ಲ. ಆದರೆ ಗೀರುವುದೆಲ್ಲ ಅಲಗನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದುವ ಮೊದಲು ಆಗಬೇಕು, ಕಾದ ಉಕ್ಕು ತಣಿದು ಒಮ್ಮೆ ಗಟ್ಟಿಯಾಯಿತೆಂದರೆ ಉಳಿ ಜಾರುತ್ತದೆ. ಈ ಕತ್ತಿಯಲ್ಲಿ ಬಳ್ಳಿ ಗಿಡ್ಡವಾಗಿದೆ ಎಂದು ಅವಳಿಗೆ ಅನ್ನಿಸಿದ್ದು ಗಟ್ಟಿಯಾದ ಮೇಲೆ. ಇನ್ನೊಂದು ಎಲೆ. ಒಂದೇ ಒಂದು. ಅದಿಲ್ಲದೆ ಬಳ್ಳಿ ಯಾರೋ ಹರಿದು ಬಿಸಾಡಿದಂತೆ ಕಾಣುತ್ತಿತ್ತು. ಅಬ್ಬಾ ಅವತ್ತು ಇದ್ದಿಲು ತರಲು ತಡಸಕ್ಕೆ ಹೋಗಿದ್ದ. ಅವಳು ಗ್ಯಾಸಿನ ಬರ್ನರ್ ಹಚ್ಚಿ ಕೊರಳನ್ನಷ್ಟೇ ಕಾಯಿಸಿ ಮೆದು ಮಾಡಿದಳು, ಗೀರಿದಳು, ಎಲೆ ಕೂರಿಸಿದಳು. ಈಗ ಮತ್ತೆ ಗಟ್ಟಿ ಮಾಡಬೇಕಲ್ಲ. ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು, ಅದು ಅವಳಿಗೆ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ಆದರೆ ಸುಟ್ಟೆಣ್ಣೆಯ ಕಮಟು ಸಂಜೆಯವರೆಗೂ ಅಂಗಡಿ ಬಿಡುವುದಿಲ್ಲ, ಅಬ್ಬಾನ ಮೂಗು ಚುರುಕು, ಬಾಗಿಲಲ್ಲೇ ನಿಂತು ಏನು ಸುಟ್ಟಿ ಅನ್ನುತ್ತಾನೆ. ನೀರಿನಲ್ಲಿ ಉಕ್ಕು ಸೀಳಬಹುದು, ಆದರೆ ನೀರಿಗೆ ವಾಸನೆಯಿಲ್ಲ. ಅವಳು ಕುಡಿಯುವ ನೀರಿನ ಕೊಡವನ್ನೇ ಹತ್ತಿರ ಎಳೆದುಕೊಂಡಳು. ಕೆಂಪಗಿದ್ದ ಕೊರಳು ಅದರೊಳಗೆ ಮುಳುಗಿದಾಗ ಹಬೆಯ ನಡುವೆ ಚಿಟ್ ಎಂದು ಒಂದು ಸದ್ದಾಯಿತು. ಹಲ್ಲಿಯೊಂದು ಲೊಚಗುಟ್ಟಿದಷ್ಟು. ಅಬ್ಬಾ ಅಲ್ಲೇ ನಿಂತಿದ್ದರೂ ಅದು ಅವನಿಗೆ ಕೇಳುತ್ತಿರಲಿಲ್ಲ. ಹೊರತೆಗೆದಾಗ ಕೊನೆಯ ಎಲೆಯಿಂದ ಕೂದಲೆಳೆಯಂಥ ಬಿರುಕು ಹೊರಟಿತ್ತು, ಗೀರು ಬೇಕಿಲ್ಲದೆ ಬಿರುಕಿನ ಬಾಯಿಯೇ ಬೆಳ್ಳಿಯನ್ನು ಕಚ್ಚಿ ಹಿಡಿಯಿತು.

ಬಸ್ಸು ಎಲೆತೋಟಗಳನ್ನು ದಾಟಿ ಬಯಲಿಗೆ ಬಿತ್ತು. ಗೋವಿನಜೋಳದ ಹೊಲಗಳ ಮೇಲೆ ಬಿಸಿಲು ಇನ್ನೂ ತೆಳ್ಳಗಿತ್ತು. ಅಬ್ಬಾ ಅವಳ ತೊಡೆಯ ಮೇಲಿನ ಗಂಟನ್ನು ಒಮ್ಮೆ ಮೆಲ್ಲಗೆ ತಟ್ಟಿದ. ನಿಜವಾಗಿ ಮಲಗಿದ ಕೂಸನ್ನು ತಟ್ಟುವಂತೆಯೇ. ಅವನ ಕಿವಿಯಿಂದ ಮೊದಲು ಹೋದದ್ದು ಗುಬ್ಬಿಗಳು. ಮಾಡಿನ ಸಂದಿಯಲ್ಲಿ ಅವು ಜಗಳಾಡುತ್ತಿದ್ದರೆ ಅವನು ತಲೆ ಎತ್ತುವುದನ್ನು ಬಿಟ್ಟಿದ್ದ. ಆಮೇಲೆ ಕುಕ್ಕರಿನ ಸೀಟಿ. ಆಮೇಲೆ ಒಂದು ರಮಜಾನಿನಲ್ಲಿ, ಬಾಂಗು ಆದರೂ ಖರ್ಜೂರ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ, ಅವಳು ಬಾಯಿಗಿಟ್ಟುಕೊಂಡ ಮೇಲೆ ತಾನೂ ಇಟ್ಟುಕೊಂಡ. ಹುಟ್ಟಿದಾಗಿನಿಂದ ಸುತ್ತಿಗೆಯ ಬಾಯಲ್ಲಿ ಬದುಕಿದ ಕಿವಿಗಳು. ಅದರ ಬಗ್ಗೆ ಮನೆಯಲ್ಲಿ ಯಾರೂ ಏನೂ ಆಡಲಿಲ್ಲ. ಒಮ್ಮೆ ಮಾತ್ರ ಅಮ್ಮಿ ಮುನವ್ವರಾ ರೊಟ್ಟಿ ಬಡಿಯುತ್ತ, ತಟ್ಟೆಯ ಕಡೆ ನೋಡುತ್ತಲೇ ಹೇಳಿದ್ದಳು: "ಸೊಲ್ಲು ಕೇಳಾಕ ಬರದವನ ಕತ್ತಿ ಯಾರ ಒಯ್ಯತಾರ? ನೀ ಅದೀಯಲ್ಲ, ಸಾಕು. ಹೊರಗ ಬಾಯಿ ಬಿಟ್ಟಿ ಅಂದ್ರ ನೋಡು ಮತ್ತ." ಮಾಹೀರಾಳಿಗೆ ನಗು ಬಂದಿತ್ತು. ಬಾಯಿ ಬಿಡಬೇಡ ಎಂದು ಅವಳಿಗೆ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ, ಬಿಡು ಬಿಡು ಎಂದು ಗದರಿದವರೇ ಎಲ್ಲ.

ಸೊಲ್ಲು ಕೇಳುವುದೆಂದರೆ ಕತ್ತಿಯನ್ನು ದಾರದಲ್ಲಿ ತೂಗುಬಿಟ್ಟು, ತಾಮ್ರದ ಸಣ್ಣ ಕೋಲಿನಿಂದ ಒಂದು ಏಟು ಕೊಡುವುದು. ಒಳ್ಳೆಯ ಅಲಗು ಹಾಡುತ್ತದೆ. ಸದ್ದು ತೆಳ್ಳಗಾಗುತ್ತ ತೆಳ್ಳಗಾಗುತ್ತ ಎಲ್ಲಿ ಮುಗಿಯಿತೆಂದು ಹೇಳಲಾಗದ ಹಾಗೆ ಹೋಗುತ್ತದೆ. ಒಳಗೆ ದೋಷವಿದ್ದರೆ ಥಟ್ಟನೆ ನಿಲ್ಲುತ್ತದೆ. ಒಯ್ಯಲು ಬಂದವರು ಏಟು ಬಿದ್ದಾಗ ಕತ್ತಿಯನ್ನು ನೋಡುವುದಿಲ್ಲ, ಮಾಡಿದವನ ಮುಖ ನೋಡುತ್ತಾರೆ. ಹಾನಗಲ್ಲಿನವರು, ಶಿಗ್ಗಾವಿಯವರು, ಅಬಲೂರಿನವರು ಎಲ್ಲರೂ ಅಬ್ಬಾನ ಮುಖ ನೋಡಿ ಕತ್ತಿ ಒಯ್ದವರೇ. ಅಬ್ಬಾ ಮಾತ್ರ ಕೆಲವು ವರ್ಷಗಳಿಂದ ಮೂಲೆಯಲ್ಲಿ ಬೆಳ್ಳಿ ಬಡಿಯುತ್ತ ಕೂತ ಮಗಳ ಮುಖ ನೋಡುತ್ತಿದ್ದ. ಅವಳು ಚೂರು ತಲೆಯಾಡಿಸಿದರೆ ಅವನ ಮುಖ ಅರಳುತ್ತಿತ್ತು. ಹೀಗೆ ಮಾಡೋಣ ಎಂದು ಇಬ್ಬರೂ ಎಂದೂ ಮಾತಾಡಿಕೊಂಡಿದ್ದಲ್ಲ. ಒಂದು ದಿನ ಅವನು ಏಟು ಕೊಟ್ಟು, ದಿಕ್ಕುಗೆಟ್ಟವನಂತೆ ತಲೆಯೆತ್ತಿದ, ಅವಳು ತಲೆಯಾಡಿಸಿದಳು, ಅಷ್ಟೆ. ಈ ಕತ್ತಿಯ ದಿನವೂ ಅವನು ತಲೆಯೆತ್ತಿದ. ಸದ್ದು ಅವಳಿಗೆ ಚೆನ್ನಾಗಿಯೇ ಕೇಳಿತ್ತು. ಬಟ್ಟೆ ತುರುಕಿದ ಗಂಟೆ. ಇಲ್ಲ ಅನ್ನಬೇಕು, ಇಲ್ಲ ಅಂದರೆ ಯಾಕೆ ಅನ್ನುತ್ತಾನೆ, ಯಾಕೆ ಅಂದರೆ ಕೊಡ, ನೀರು, ಬರ್ನರ್, ಎಲ್ಲವನ್ನೂ ಅವನಿಗೆ ಕೇಳುವ ಹಾಗೆ ಕೂಗಿ ಹೇಳಬೇಕು, ಬೀದಿಗೆಲ್ಲ ಕೇಳುವಂತೆ. ಅವರ ಮನೆಯಲ್ಲಿ ಗುಟ್ಟನ್ನು ಕೂಗಿಯೇ ಹೇಳಬೇಕಾಗಿತ್ತು. ಅವಳಿನ್ನೂ ಇದನ್ನೆಲ್ಲ ಯೋಚಿಸುತ್ತಿರುವಾಗಲೇ ಅವಳ ಕೊರಳು ಹೌದೆಂದು ಆಡಿಬಿಟ್ಟಿತ್ತು.

ಹತ್ತಿಮತ್ತೂರಿನಲ್ಲಿ ಮಹಾಲಿಂಗಪ್ಪನ ಮನೆಯ ಮುಂದೆ ಹಂದರ ಹಾಕಿದ್ದರು. ಮಗಳು ಅಂಕಿತಾಳ ಮದುವೆ ನಾಳೆ, ಇವತ್ತು ವೀರಭದ್ರನ ಗುಗ್ಗಳ. ಕೆಂಡ ತುಂಬಿದ ಕೊಡ ಹೊತ್ತು ಊರು ಸುತ್ತಿ ಬಂದ ಮೇಲೆ ಪುರವಂತ ಕತ್ತಿ ಬೀಸುತ್ತಾನೆ, ಕೊನೆಗೆ ಮಣೆಯ ಮೇಲೆ ಕೂತ ಮದುಮಗಳ ನೆತ್ತಿಯ ಮೇಲಕ್ಕೆ ಬೀಸಿ ತಂದು ಕೂದಲು ತಾಗುವಷ್ಟು ಹತ್ತಿರ ನಿಲ್ಲಿಸುತ್ತಾನೆ. ಆ ಮನೆತನದಲ್ಲಿ ಹೆಣ್ಣುಮಕ್ಕಳ ದೃಷ್ಟಿ ತೆಗೆಯುವುದು ಹಾಗೆ. ಹಳೆಯ ಕತ್ತಿ ತೇದು ತೆಳ್ಳಗಾಗಿತ್ತೆಂದು ಈ ಸಲ ಹೊಸದು. ಮಹಾಲಿಂಗಪ್ಪ ಧೋತರದ ಚುಂಗು ಹಿಡಿದುಕೊಂಡು ತಾನೇ ಎದುರು ಬಂದ. "ಬರ್ರಿ ನಯೀಮಣ್ಣಾ, ಬರ್ರಿ. ನಮ್ಮ ಹುಡುಗ್ರು ಹುಬ್ಬಳ್ಳ್ಯಾಗ ಮಿಷನ್ ಕತ್ತಿ ಸಿಗತಾವು, ಥಳಾಥಳಾ ಹೊಳೀತಾವು, ಸವಣೂರಿಗೆ ಯಾಕ ಹೊಕ್ಕೀರಿ, ಅವರ ಕಡೆ ಯಾಕ ಅಂತ ಏನೇನೋ ಅಂದ್ರು. ಈಗಿನ ಹುಡುಗ್ರ ಮಾತು ನಿಮಗೂ ಗೊತ್ತೈತಿ ಬಿಡ್ರಿ. ನಾ ಅಂದೆ, ನಮ್ಮಜ್ಜನ ಕಾಲದಿಂದ ದೇವರ ಕತ್ತಿ ಅವರ ಮನ್ಯಾಂದು. ಏನರ ಹೆಚ್ಚುಕಮ್ಮಿ ಆದ್ರ ಜವಾಬ್ದಾರಿ ನಂದು ಅಂದೆ." "ಹೌದ್ರಿ," ಅಂದ ಅಬ್ಬಾ ನಗುತ್ತ. ಜನರ ನಡುವೆ ಅವನ ಬಳಿ ಎರಡೇ ಉತ್ತರಗಳಿದ್ದವು, ಹೌದ್ರಿ ಮತ್ತು ಛಲೋ ಐತ್ರಿ. ಹೆಚ್ಚಿನ ಪ್ರಶ್ನೆಗಳಿಗೆ ಅವು ಸಾಲುತ್ತಿದ್ದವು. ಹಂದರದ ಕಂಬಕ್ಕೆ ಬೈಕು ಆನಿಸಿಕೊಂಡು ನಿಂತ ಹುಡುಗರು ಮೊಬೈಲಿನಿಂದ ತಲೆಯೆತ್ತಿ ಕೌದಿಯ ಗಂಟನ್ನು ನೋಡಿದರು, ಅದನ್ನು ಹಿಡಿದವಳನ್ನು ನೋಡಿದರು, ಮತ್ತೆ ತಲೆ ತಗ್ಗಿಸಿದರು. ಜವಾಬ್ದಾರಿ ನಂದು. ಮಾಹೀರಾಳಿಗೆ ಆ ಮಾತು ಬೆನ್ನ ಮೇಲೆ ಯಾರೋ ಕೈಯಿಟ್ಟಂತೆ ಬೆಚ್ಚಗೆ ಹತ್ತಿ, ಆಮೇಲೆ ಸುಡತೊಡಗಿತು. ಬೈದಿದ್ದರೆ ಒಳ್ಳೆಯದಿತ್ತು. ನಂಬದವರಿಗೆ ಮೋಸ ಮಾಡುವುದು ಸುಲಭವಿದ್ದೀತು.

ಪಡಸಾಲೆಯಲ್ಲಿ ಮಹಾಲಿಂಗಪ್ಪನ ತಾಯಿ ಅನ್ನವ್ವ ಕಾಲು ಚಾಚಿ ಕೂತು ಅಡಿಕೆ ಕುಟ್ಟುತ್ತಿದ್ದಳು. ಮಾಹೀರಾಳನ್ನು ಹತ್ತಿರ ಕರೆದು ನೀರು ಕೊಟ್ಟು ಹೆಸರು ಕೇಳಿದಳು. ಎರಡನೇ ಸಲ ಕೇಳಿದಳು. "ಏ ಅಂಕೀ, ನಿನ್ನ ಗೆಳತಿ ಬಾಯಾಗ ಬೆಲ್ಲ ಇಟ್ಕೊಂಡು ಬಂದಾಳೇನು, ಬಿಟ್ರ ಕರಗತೈತಿ ಅಂತ?" ಒಳಗಿಂದ ಅರಿಸಿನ ಮೆತ್ತಿದ ಮುಖ ಹೊರಗೆ ಬಂದಿತು. ಕಾಲೇಜಿನ ಮೂರೂ ವರ್ಷ ಅಂಕಿತಾ ಅವಳ ಪಕ್ಕದಲ್ಲಿ ಕೂತವಳು. ಹಾಜರಿ ಕೂಗುವಾಗ ಮಾಹೀರಾಳ ದನಿ ಮೇಜಿನವರೆಗೆ ಮುಟ್ಟುತ್ತಿರಲಿಲ್ಲ, ಇದ್ದರೂ ಗೈರುಹಾಜರಿ ಬೀಳುತ್ತಿತ್ತು. ಒಮ್ಮೆ ಮೇಷ್ಟ್ರು ಅವಳನ್ನು ನಿಲ್ಲಿಸಿ, ಇಡೀ ತರಗತಿಯ ಎದುರು "ಎಸ್ ಸರ್" ಎಂದು ಕೂಗಿಸಲು ನೋಡಿ, ಕೂಗದಿದ್ದಾಗ, ಸೊಳ್ಳೆಯಾದ್ರೂ ಗುಂಯ್ ಅಂತದ ಎಂದಿದ್ದರು. ಮರುದಿನದಿಂದ ಅಂಕಿತಾ ತನ್ನ ಹೆಸರಿಗೊಮ್ಮೆ ಇವಳ ಹೆಸರಿಗೊಮ್ಮೆ ದನಿ ಬದಲಿಸಿ ಕೂಗುತ್ತಿದ್ದಳು. "ಇನ್ನ ನಿನ್ನ ಬದ್ಲಿ ಯಾರ ಎಸ್ ಸರ್ ಅಂತಾರಲೇ? ನಾ ಅಂತೂ ಹಿರೇಕೆರೂರಿಗೆ ಹೊಂಟೆ," ಅಂದಳು ಈಗ, ಅವಳ ಕೈ ಹಿಡಿದು. ಹಸಿರು ಬಳೆಗಳು ತಣ್ಣಗಿದ್ದವು. "ಖರೇ ಹೇಳ್ತೇನಿ, ಕತ್ತಿ ನೆತ್ತಿ ಮ್ಯಾಲ ಬರ್ತೈತಿ ಅಂದ್ರ ಎದಿ ಧಸಕ್ ಅಂತೈತಿ. ಅಪ್ಪ ಅಂದ, ನಯೀಮಣ್ಣನ ಮನೀದು ಐತಿ, ಕಣ್ಣ ಮುಚ್ಚಿ ಕುಂದ್ರು ಅಂತ." ಮಾಹೀರಾ ಆ ಹಳದಿ ನೆತ್ತಿಯ ಬೈತಲೆಯನ್ನು ನೋಡಿದಳು. ಬೆಳ್ಳಗೆ, ನೇರಕ್ಕೆ, ಯಾರೋ ಉಳಿಯಿಂದ ಗೀರಿದಂತೆ. "ಅಂಕೀ," ಅಂದಳು. "ಏನು?" "ಆ ಕತ್ತಿ..." ಯಾವಳೋ ಅತ್ತೆ ಬಂದು ಮದುಮಗಳನ್ನು ನೀರಿಗೆ ಎಳೆದುಕೊಂಡು ಹೋದಳು. ಹೋಗುತ್ತ ಅಂಕಿತಾ ತಿರುಗಿ, "ಫೋಟೋದಾಗ ನೋಡೇನಿ, ಆ ಕುಡಿ ಬಾಳ ಛಂದ ಐತಿ," ಅಂದಳು.

ಹಿತ್ತಲಲ್ಲಿ ಅಬ್ಬಾ ಬೇವಿನ ಮರದ ಕೆಳಗೆ ಕೂತು ಕತ್ತಿಗೆ ಕೊನೆಯ ಎಣ್ಣೆ ಸವರುತ್ತಿದ್ದ. ಮಾಹೀರಾ ಅವನೆದುರು ಕುಕ್ಕರಗಾಲಲ್ಲಿ ಕೂತಳು. ತುಟಿ ಓದಲು ಅವನಿಗೆ ಅಷ್ಟಿಷ್ಟು ಬರುತ್ತಿತ್ತು. ಇದು ಬ್ಯಾಡ ಅಬ್ಬಾ, ಅಂದಳು ದನಿಯಿಲ್ಲದೆ. ಅವನು ಹುಬ್ಬು ಗಂಟು ಹಾಕಿದ. "ಊಟಾ ಬ್ಯಾಡೇನು? ಹಂಗಂದ್ರ ಅವರು ಬ್ಯಾಸರ ಮಾಡ್ಕೋತಾರವಾ." ಅವಳು ತಲೆ ಅಲ್ಲಾಡಿಸಿ ಕುಡಿಯ ಮೇಲೆ ಬೆರಳಿಟ್ಟಳು. ಬೆರಳಿಟ್ಟ ಕೂಡಲೇ ಅವನ ಮುಖ ಬೆಳಗಿತು, ಅವಳ ಕೈಯನ್ನು ಎಣ್ಣೆಯ ಕೈಯಲ್ಲೇ ಹಿಡಿದು ತನ್ನ ಹಣೆಗೆ ಒತ್ತಿಕೊಂಡ. ಇನ್ನು ಕೂಗಬೇಕು. ಹಿತ್ತಲಲ್ಲಿ ಹೆಂಗಸರು ಪಾತ್ರೆ ಬೆಳಗುತ್ತಿದ್ದರು, ಗೋಡೆಯಾಚೆ ಬೈಕಿನ ಹುಡುಗರು ಯಾವುದಕ್ಕೋ ನಗುತ್ತಿದ್ದರು. ಅವಳು ಉಸಿರು ತುಂಬಿಕೊಂಡಳು. ಎದೆ ತುಂಬಿತು, ಗಂಟಲು ತುಂಬಿತು, ಬಾಯಿ ತೆರೆಯಿತು. ಆಗ ಬೀದಿಯ ತುದಿಯಲ್ಲಿ ಸಮ್ಮಾಳ ವಾದ್ಯ ಮೊಳಗತೊಡಗಿತು, ಗುಗ್ಗಳ ಊರು ಸುತ್ತಿ ಬಂದಿತ್ತು, ಅಬ್ಬಾ ನೆಲದ ನಡುಕದಿಂದಲೇ ಅದನ್ನು ತಿಳಿದವನಂತೆ ಎದ್ದು ನಿಂತ. ತುಂಬಿಕೊಂಡ ಉಸಿರನ್ನು ಅವಳು ಹಾಗೆಯೇ ನುಂಗಿದಳು. ನುಂಗಿದಾಗ ಒಳಗೊಳಗೇ ಹಗುರವೂ ಆಯಿತು. ಆ ಹಗುರಕ್ಕೆ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

ಹಂದರದ ಕಂಬಕ್ಕೆ ದಾರ ಕಟ್ಟಿದ್ದರು. ಕತ್ತಿ ಕೈ ಬದಲಿಸುವ ಮುನ್ನ ಅದನ್ನು ಮಾಡಿದವನು ಎಲ್ಲರೆದುರು ಇನ್ನೊಮ್ಮೆ ಸೊಲ್ಲು ಕೇಳಿ ಹೇಳಬೇಕು, ಆಮೇಲೆಯೇ ಪುರವಂತ ಮುಟ್ಟುವುದು. ವಾದ್ಯದವರು ಕೋಲು ಕೆಳಗಿಟ್ಟರು. ಕಾವಿ ಉಟ್ಟು ಹಣೆಯ ತುಂಬ ವಿಭೂತಿ ಬಳಿದುಕೊಂಡ ಚನ್ನೇಶನ ಗುರುತೇ ಸಿಗುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಅವನು ಸಾಲೆಯ ವ್ಯಾನು ಓಡಿಸುತ್ತ ಮಕ್ಕಳಿಗೆ ತಿನ್ನಲು ಪುಟಾಣಿ ಕೊಡುವವನು. ಅಂಕಿತಾ ಮಣೆಯ ಮೇಲೆ ಕೂತಿದ್ದಳು. ಅಬ್ಬಾ ಕತ್ತಿಯನ್ನು ತೂಗುಬಿಟ್ಟು, ಅದು ನೆಟ್ಟಗೆ ನಿಂತ ಮೇಲೆ ತಾಮ್ರದ ಕೋಲಿನಿಂದ ಹೊಡೆದ. ಸದ್ದು ಹುಟ್ಟಿತು, ಹುಟ್ಟಿದಲ್ಲೇ ಕೂತುಬಿಟ್ಟಿತು. ಆ ಜನಕ್ಕೆ ಅದು ಬರೀ ಕಬ್ಬಿಣದ ಸದ್ದು. ಅವರೆಲ್ಲ ಅಬ್ಬಾನ ಮುಖ ನೋಡಿದರು. ಅಬ್ಬಾ ಕಂಬದ ಪಕ್ಕ ನಿಂತ ಮಾಹೀರಾಳ ಮುಖ ನೋಡಿದ. ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಸಣ್ಣಗೆ, ಮತ್ತೊಮ್ಮೆ, ಸ್ಪಷ್ಟವಾಗಿ. ಅಬ್ಬಾನ ಕಣ್ಣುಗಳಲ್ಲಿ ಅದು ಇಳಿಯುವುದನ್ನು ಅವಳು ನೋಡಿದಳು. ಇಳಿಯಿತು, ತಳ ಮುಟ್ಟಿತು. ಅವನು ಎಲ್ಲವನ್ನೂ ಒಮ್ಮೆಗೇ ತಿಳಿದುಕೊಂಡಂತೆ ಕಂಡಿತು. ಇವತ್ತು ಇಲ್ಲ ಅಂದರೆ ಅವತ್ತು ಅಂಗಡಿಯಲ್ಲಿ ಆಡಿದ ಹೌದು ಸುಳ್ಳು, ಅವತ್ತಿನದು ಸುಳ್ಳಾದರೆ ಅದರ ಹಿಂದಿನವು? ಹಾನಗಲ್ಲಿನ ಕತ್ತಿ? ಶಿಗ್ಗಾವಿಯದು? ಬೇರೆ ಬೇರೆ ಊರುಗಳ ದೇವರ ಮನೆಗಳಲ್ಲಿ, ಬೇರೆ ಬೇರೆಯವರ ನೆತ್ತಿಗಳ ಮೇಲೆ? ಅವೆಲ್ಲ ನಿಜವೇ ಅಬ್ಬಾ, ಇದೊಂದೇ, ಎಂದು ಅವಳು ಹೇಳಬೇಕಿತ್ತು, ಅದನ್ನು ಹೇಳಲು ತಲೆಯ ಆಟದಲ್ಲಿ ಯಾವ ದಾರಿಯೂ ಇರಲಿಲ್ಲ. ಅವನು ಅವಳಿಂದ ಮುಖ ತಿರುಗಿಸಿ ಜನರ ಕಡೆ ನಗುತ್ತ ಅಂದ: "ಛಲೋ ಐತ್ರಿ. ದೇವರ ಗಂಟಿ ಹಂಗ."

ಎಲ್ಲವೂ ಮತ್ತೆ ಶುರುವಾಯಿತು. ಚನ್ನೇಶ ಕತ್ತಿಯನ್ನು ಕಣ್ಣಿಗೊತ್ತಿಕೊಂಡು ಝಳಪಿಸಿದ, ರುದ್ರನ ಹೆಸರು ಹಿಡಿದು ಕೂಗಿದ, ಸಮ್ಮಾಳ, ಕರಡಿ ಮಜಲು ಎರಡೂ ವಾದ್ಯಗಳು ಒಟ್ಟಿಗೆ ಎದ್ದವು. ಅಲಗು ಗಾಳಿಯಲ್ಲಿ ತಿರುಗಿ ತಿರುಗಿ ಬಿಸಿಲನ್ನು ಗೋಡೆಗೆ, ಹಂದರಕ್ಕೆ, ಅನ್ನವ್ವನ ಬಿಳಿಗೂದಲಿಗೆ ಎರಚುತ್ತಿತ್ತು. ಪ್ರತಿ ತಿರುವಿನಲ್ಲೂ ಮಾಹೀರಾಳಿಗೆ ಕೊರಳಿನ ಆ ಒಂದು ಜಾಗ ಮಾತ್ರ ಕಾಣುತ್ತಿತ್ತು, ಬೆಳ್ಳಿಯ ಎಳೆ ಬಿಗಿಯುವುದು, ಸಡಿಲಾಗುವುದು, ಬಿಗಿಯುವುದು. ತಾನು ಬಡಿದ ಬೆಳ್ಳಿಯೇ ಅದನ್ನು ಹಿಡಿದು ನಿಲ್ಲಿಸಿದೆ, ಬೆಳ್ಳಿ ಎಷ್ಟು ಮೆದು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. "ನಿಲ್ಲಸ್ರಿ," ಅಂದಳು. ಪಕ್ಕದ ಹೆಂಗಸು ತಿರುಗಿಯೂ ನೋಡಲಿಲ್ಲ. "ನಿಲ್ಲಸ್ರಿ! ಅದು ಒಡದೈತಿ!" ಅವಳು ಕೂಗಿದ್ದಳು. ನಿಜವಾಗಿ ಕೂಗಿದ್ದಳು, ಗಂಟಲು ಹರಿಯುವಷ್ಟು. ಬದುಕಿನಲ್ಲಿ ಮೊದಲ ಸಲ ಬಂದ ಅಷ್ಟು ದೊಡ್ಡ ದನಿ ವಾದ್ಯಗಳ ಅಬ್ಬರದಲ್ಲಿ ಹಿಟ್ಟಿನಲ್ಲಿ ಬಿದ್ದ ಹನಿಯಂತೆ ಇಲ್ಲವಾಯಿತು. ಹಂದರದ ತುಂಬ ಜನ, ಎಲ್ಲರ ಕಿವಿಯೂ ಈಗ ಅಬ್ಬಾನ ಕಿವಿ. ಹೀಗಿರುತ್ತದೆಯೇ ಅವನಿಗೆ ದಿನವೂ, ಎಂದು ಅನ್ನಿಸಿತು, ಬಾಯಿಗಳು ತೆರೆಯುತ್ತವೆ, ಮುಚ್ಚುತ್ತವೆ. ಚನ್ನೇಶ ಹೆಜ್ಜೆ ಬದಲಿಸಿದ. ಮಣೆಯ ಕಡೆ ತಿರುಗಿದ. ಅಂಕಿತಾ ಕಣ್ಣು ಮುಚ್ಚಿಕೊಂಡಳು.

ಮಾಹೀರಾ ಹೆಂಗಸರ ಸಾಲನ್ನು ಸೀಳಿಕೊಂಡು ವೃತ್ತದೊಳಗೆ ನಡೆದಳು. ಓಡಲಿಲ್ಲ, ಓಡಲು ಕಾಲಿಗೆ ಗೊತ್ತಿರಲಿಲ್ಲ. ಮಣೆಗೂ ಕತ್ತಿಗೂ ನಡುವೆ ಬಂದು ನಿಂತು ಮುಖ ಮೇಲೆತ್ತಿದಳು. ಎತ್ತಿದ ಕತ್ತಿಯನ್ನು ಚನ್ನೇಶ ಹೇಗೆ ತಡೆದನೋ, ಮಂಡಿ ಕುಸಿದು, ತೋಳಿನ ನರಗಳು ಎದ್ದು, ಅಲಗು ಅವಳ ದುಪಟ್ಟಾದ ಗಾಳಿಯಲ್ಲಿ ನಡುಗುತ್ತ ನಿಂತಿತು. ಸಮ್ಮಾಳದವನ ಕೋಲು ಎತ್ತಿದಲ್ಲೇ ಉಳಿಯಿತು. ಒಂದೊಂದೇ ಸದ್ದು ಆರಿ ಹೋಗಿ, ಕೊನೆಗೆ ಕೊಡದೊಳಗಿನ ಕೆಂಡ ಚಿಟಿಗುಟ್ಟುವುದೂ ಕೇಳುವಂಥ ಮೌನ ಬಿದ್ದಿತು.

"ಒಡದೈತಿ," ಅಂದಳು ಮಾಹೀರಾ. ತನ್ನ ದಿನದ ದನಿಯಲ್ಲೇ. ಅದು ಹಂದರದ ಕೊನೆಯವರೆಗೂ ಹೋಯಿತು.

"ಏನಂದಿ?" ಮಹಾಲಿಂಗಪ್ಪ ಮುಂದೆ ಬಂದ.

"ಕೊರಳಾಗ. ಆ ಕುಡಿ ಕೆಳಗ. ನಾನ ಒಡದೇನಿ."

ಹಿಂದಿನಿಂದ ಬೈಕಿನ ಹುಡುಗನೊಬ್ಬ ಅಂದ: "ನಾವ್ ಮೊದ್ಲ ಬಡ್ಕೊಂಡಿದ್ವಿ ಕಾಕಾ. ಕೇಳಿದ್ರೇನು? ಈಗ ನೋಡ್ರಿ, ದೇವರ ಕಾರಣದಾಗ..." ಇನ್ನೊಬ್ಬ ಮೊಬೈಲು ಮೇಲಕ್ಕೆ ಹಿಡಿದ. ಮಹಾಲಿಂಗಪ್ಪ ತಿರುಗದೆಯೇ ಕೈಯೆತ್ತಿ ಅವರನ್ನು ತಡೆದ. ಅಬ್ಬಾ ಕಂಬದ ಬುಡದಲ್ಲಿ ತಾಮ್ರದ ಕೋಲು ಹಿಡಿದುಕೊಂಡೇ ನಿಂತಿದ್ದ. ಮಹಾಲಿಂಗಪ್ಪ ಅವನ ಹತ್ತಿರ ಹೋಗಿ, ಮರ್ಯಾದಸ್ಥನೊಬ್ಬನನ್ನು ನಾಕು ಜನರೆದುರು ಕೇಳಬಾರದ್ದನ್ನು ಕೇಳುವಾಗಿನ ಮೆತ್ತಗಿನ ದನಿಯಲ್ಲಿ, ಸಂಕೋಚಕ್ಕೆ ತಲೆ ತಗ್ಗಿಸಿಕೊಂಡು ಕೇಳಿದ: "ನಯೀಮಣ್ಣಾ, ನಿಮ್ಮ ಮಗಳು ಕತ್ತಿ ಒಡದೈತಿ ಅನ್ನಾಕತ್ತಾಳ. ನೀವು ಸೊಲ್ಲು ಕೇಳೀರಿ. ಖರೇ ಏನ್ರಿ?"

ತಗ್ಗಿದ ತಲೆಯಲ್ಲಿ ಅವನ ತುಟಿಗಳು ಅಬ್ಬಾನಿಗೆ ಕಾಣಲಿಲ್ಲ. ಅಬ್ಬಾ ಒಂದು ಗಳಿಗೆ ತಡೆದ. ಆಮೇಲೆ ನಕ್ಕ.

"ಹೌದ್ರಿ," ಅಂದ. "ಛಲೋ ಐತ್ರಿ."

ಯಾರೂ ನಗಲಿಲ್ಲ. ಮಹಾಲಿಂಗಪ್ಪ ನಿಧಾನವಾಗಿ ತಲೆಯೆತ್ತಿದ. ಪಡಸಾಲೆಯಲ್ಲಿ ಅನ್ನವ್ವ, "ಯವ್ವಾ ನನ ಶಿವನ, ಇವಗ ಕಿವಿ..." ಎಂದು ಬಾಯಿಗೆ ಸೆರಗು ಅಡ್ಡ ಹಿಡಿದಳು. ಹಿಂದೆ ಮಣೆಯ ಮೇಲೆ ಅಂಕಿತಾ ಎದ್ದು ನಿಂತ ಬಳೆಗಳ ಸದ್ದಾಯಿತು, ಆ ಸದ್ದು ತನ್ನ ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಮಾಹೀರಾಳಿಗೆ ತಿಳಿಯಲಿಲ್ಲ. ಚನ್ನೇಶ ಕತ್ತಿಯನ್ನು ಕೆಳಗಿಳಿಸಿ, ಬೆವರಿದ ಹಣೆಯನ್ನು ಮೊಳಕೈಯಿಂದ ಒರೆಸಿಕೊಂಡು, ಅಲಗನ್ನು ಕಿವಿಯ ಹತ್ತಿರ ತಂದು ಬೆರಳ ಗಿಣ್ಣಿನಿಂದ ಒಮ್ಮೆ ಬಡಿದ.

ಆ ಮೌನದಲ್ಲಿ ಅದು ಎಲ್ಲರಿಗೂ ಕೇಳಿತು. ಬಟ್ಟೆ ತುರುಕಿದ ಗಂಟೆಯಂಥ ಆ ಸದ್ದು ಹುಟ್ಟಿದಲ್ಲೇ ಸತ್ತ ಮೇಲೂ ಜನ ಅಲ್ಲಾಡಲಿಲ್ಲ, ಹುಡುಗರು ಬೈಕು ಬಿಟ್ಟು ಒಬ್ಬೊಬ್ಬರಾಗಿ ಹಂದರದೊಳಗೆ ಬರತೊಡಗಿದ್ದರು. ಅಬ್ಬಾ ಚನ್ನೇಶನ ಬೆರಳು ಅಲಗಿಗೆ ಬಿದ್ದದ್ದನ್ನು ನೋಡಿದ್ದ, ಅಷ್ಟೆ. ತಾಮ್ರದ ಕೋಲನ್ನು ಎದೆಗೆ ಒತ್ತಿಕೊಂಡು, ಯಾವಾಗಿನಂತೆ ತಲೆಯೆತ್ತಿ, ಅವನು ಮಗಳ ಮುಖ ನೋಡಿದ.